ನಡೆಯದ ಕೊಲೆಗೆ ಸಾವಿರ ಸಾಕ್ಷಿ

2006ರಲ್ಲಿ ಹಾಲಿವುಡ್‌ನಿಂದ ಜಾದೂಗಾರರ ಬಗ್ಗೆ ಎರಡು ಸಿನಿಮಾ ಬಂದವು. ಆಗಸ್ಟ್‌ನಲ್ಲಿ ‘ದಿ ಇಲ್ಯೂಷನಿಸ್ಟ್’, ಅಕ್ಟೋಬರ್‌ನಲ್ಲಿ ‘ದಿ ಪ್ರೆಸ್ಟೀಜ್’. ಎರಡನೆಯದಕ್ಕೆ ಕ್ರಿಸ್ಟೋಫರ್ ನೋಲನ್ ಹೆಸರಿತ್ತು. ಹಾಗಾಗಿ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಒಬ್ಬರ ಹಾರ್ಡ್‌ಡಿಸ್ಕಿನಿಂದ ಇನ್ನೊಬ್ಬರದ್ದಕ್ಕೆ ಹೆಚ್ಚು ಓಡಾಡಿದ್ದು ಅದೇ. ಮೊದಲನೆಯದನ್ನು ನೋಡಿದವರು ಕಡಿಮೆ. ನೋಡಿದವರೂ “ಒಂದು ಲವ್ ಸ್ಟೋರಿ, ಕೊನೆಗೆ ಒಂದು ಟ್ವಿಸ್ಟ್ ಉಂಟು” ಅಂತ ಹೇಳಿ ಮುಗಿಸುತ್ತಾರೆ. ನನಗೆ ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಇಷ್ಟ. ಟ್ವಿಸ್ಟ್ ಗೊತ್ತಾದ ಮೇಲೆ ನೋಡಿದರೂ ಅದು ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ಆಮೇಲೆಯೇ ಶುರುವಾಗುವುದು.

ಮೊದಲೇ ಹೇಳಿಬಿಡುತ್ತೇನೆ, ಈ ಸಲದ ಅಂಕಣದಲ್ಲಿ ಚಿತ್ರದ ಕೊನೆಯನ್ನು ಬಿಚ್ಚಿಡದೆ ಉಪಾಯವಿಲ್ಲ. ನೋಡಿಯೇ ಓದುತ್ತೇನೆ ಎನ್ನುವವರು ಎರಡು ಗಂಟೆಯ ಒಳಗೆ ನೋಡಿ ಬನ್ನಿ. ಲೇಖನ ಎಲ್ಲಿಗೂ ಹೋಗುವುದಿಲ್ಲ.

ಕತೆ ನಡೆಯುವುದು 19ನೇ ಶತಮಾನ ಮುಗಿಯುತ್ತಾ ಬಂದ ಹೊತ್ತಿನ ವಿಯೆನ್ನಾದಲ್ಲಿ. ಬಡಗಿಯೊಬ್ಬನ ಮಗನಿಗೂ ದೊಡ್ಡ ಮನೆತನದ ಹುಡುಗಿ ಸೋಫಿಗೂ ಎಳೆ ವಯಸ್ಸಿನಲ್ಲಿ ಪ್ರೀತಿ ಹುಟ್ಟುತ್ತದೆ. ಮರದಲ್ಲಿ ಕೆತ್ತಿದ ಒಂದು ಲಾಕೆಟ್ ಮಾಡಿ ಅವನು ಅವಳಿಗೆ ಕೊಡುತ್ತಾನೆ. ತಿರುಗಿಸುವ ಕ್ರಮ ಗೊತ್ತಿದ್ದರೆ ಅದು ಹೃದಯದ ಆಕಾರಕ್ಕೆ ಬರುತ್ತದೆ. ದೊಡ್ಡವರು ಇಬ್ಬರನ್ನೂ ಬೇರೆ ಮಾಡುತ್ತಾರೆ. ಪೊಲೀಸರು ಬಾಗಿಲು ಒಡೆಯುವಾಗ “ನಮ್ಮಿಬ್ಬರನ್ನೂ ಮಾಯ ಮಾಡು” ಎಂದು ಅವಳು ಬೇಡಿಕೊಳ್ಳುತ್ತಾಳೆ, ಅವನಿಂದ ಆಗುವುದಿಲ್ಲ. ಹುಡುಗ ಊರು ಬಿಡುತ್ತಾನೆ. ಹದಿನೈದು ವರ್ಷದ ನಂತರ ಐಸೆನ್‌ಹೈಮ್ ಎಂಬ ಹೆಸರಿನ ಜಾದೂಗಾರನಾಗಿ ವಿಯೆನ್ನಾಕ್ಕೆ ಬಂದರೆ, ಸೋಫಿಯ ಮದುವೆ ಯುವರಾಜ ಲಿಯೋಪೋಲ್ಡನ ಜೊತೆ ನಿಶ್ಚಯವಾಗುವುದರಲ್ಲಿದೆ. ಈ ಯುವರಾಜ ಮುಂಗೋಪಿ. ಹೆಂಗಸರ ಮೇಲೆ ಕೈ ಮಾಡುತ್ತಾನೆ ಎಂಬ ಸುದ್ದಿ ಊರಿಡೀ ಇದೆ. ತಂದೆಯನ್ನು ಸಿಂಹಾಸನದಿಂದ ಇಳಿಸುವ ಸಂಚೂ ನಡೆಸಿದ್ದಾನೆ.

ಒಂದು ರಾತ್ರಿ ಸೋಫಿ ಯುವರಾಜನ ಹತ್ತಿರ ಹೋಗಿ ಸಂಬಂಧ ಬೇಡ ಎನ್ನುತ್ತಾಳೆ. ಕುಡಿದ ಅಮಲಿನಲ್ಲಿ ಅವನು ಖಡ್ಗ ಹಿಡಿದು ಅವಳ ಹಿಂದೆ ಕುದುರೆ ಲಾಯಕ್ಕೆ ಹೋಗುತ್ತಾನೆ. ಆಮೇಲೆ ನಮಗೆ ಕಾಣುವುದು ಕುದುರೆಯ ಮೇಲೆ ಬಾಗಿ ಬಿದ್ದ ಸೋಫಿ. ಕೊನೆಗೆ ನೀರಿನಲ್ಲಿ ಅವಳ ದೇಹ. ದುಃಖದಲ್ಲಿ ಮುಳುಗಿದ ಐಸೆನ್‌ಹೈಮ್ ಹೊಸ ಪ್ರದರ್ಶನ ಶುರುಮಾಡುತ್ತಾನೆ. ರಂಗದ ಮೇಲೆ ಒಂದು ಕುರ್ಚಿ ಮಾತ್ರ. ಅವನು ಅಲ್ಲಿ ಕೂತು ಸತ್ತವರನ್ನು ಕರೆಯುತ್ತಾನೆ. ಒಂದು ದಿನ ಸೋಫಿಯೇ ಬರುತ್ತಾಳೆ. ನನ್ನನ್ನು ಕೊಂದವನು ಇದೇ ಸಭೆಯಲ್ಲಿದ್ದಾನೆ ಎನ್ನುತ್ತಾಳೆ. ಲಿಯೋಪೋಲ್ಡ್ ವೇಷ ಮರೆಸಿಕೊಂಡು ಅಲ್ಲಿಯೇ ಕೂತಿದ್ದಾನೆ.

ಇವೆಲ್ಲದರ ನಡುವೆ ಸಿಕ್ಕಿಹಾಕಿಕೊಂಡವನು ಇನ್‌ಸ್ಪೆಕ್ಟರ್ ಊಲ್. ಮಾಂಸದಂಗಡಿಯವನ ಮಗ, ಮೇಲೆ ಬರುವ ಆಸೆ ಇರುವವನು, ಯುವರಾಜನ ಕೃಪೆ ಇಲ್ಲದೆ ಮೇಲೆ ಬರಲಾಗದು ಎಂದು ತಿಳಿದವನು. ಜಾದೂ ಎಂದರೆ ಅವನಿಗೆ ಒಳಗೊಳಗೇ ಹುಚ್ಚು. ಎಡ್ವರ್ಡ್ ನಾರ್ಟನ್ ಐಸೆನ್‌ಹೈಮ್ ಆಗಿದ್ದರೂ, ನನ್ನ ಪ್ರಕಾರ ಚಿತ್ರ ನಿಂತಿರುವುದು ಊಲ್ ಆಗಿ ಮಾಡಿದ ಪಾಲ್ ಜಿಯಾಮಟ್ಟಿಯ ಮುಖದ ಮೇಲೆ. ಸ್ಟೀವನ್ ಮಿಲ್‌ಹೌಸರ್ ಬರೆದ ಸಣ್ಣಕತೆಯೇ ಚಿತ್ರದ ಮೂಲ. ಆದರೆ ಸೋಫಿಯ ಪ್ರೇಮ, ಯುವರಾಜನ ಸಂಚು ಎರಡನ್ನೂ ಸೇರಿಸಿದ್ದು ನಿರ್ದೇಶಕ ನೀಲ್ ಬರ್ಗರ್. ಹಳೆಯ ಫೋಟೊದ ಹಾಗೆ ಮಾಸಿದ ಕಂದು ಬಣ್ಣ, ಅಂಚಿನಲ್ಲಿ ಕತ್ತಲೆ. ಛಾಯಾಗ್ರಾಹಕ ಡಿಕ್ ಪೋಪ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಸಂಗೀತ ಫಿಲಿಪ್ ಗ್ಲಾಸ್ ಅವರದ್ದು.

ಚಿತ್ರದ ಮೊದಲ ದೊಡ್ಡ ಜಾದೂ ಕಿತ್ತಳೆ ಗಿಡದ್ದು. ಕುಂಡದಲ್ಲಿ ಬೀಜ ಹಾಕುತ್ತಾನೆ, ಕಣ್ಣೆದುರೇ ಗಿಡ ಎದ್ದು ಹಣ್ಣು ಬಿಡುತ್ತದೆ, ಎರಡು ಚಿಟ್ಟೆಗಳು ಒಬ್ಬ ಹೆಂಗಸಿನ ಕರವಸ್ತ್ರ ಹಿಡಿದು ಮೇಲೇಳುತ್ತವೆ. ಇದು ಚಿತ್ರಕತೆಗಾರನ ಕಲ್ಪನೆಯಲ್ಲ. ಫ್ರಾನ್ಸಿನ ರಾಬರ್ಟ್ ಹೂಡಿನ್ ಇದನ್ನು 1840ರ ದಶಕದಲ್ಲೇ ಪ್ಯಾರಿಸ್ಸಿನ ರಂಗದ ಮೇಲೆ ಮಾಡಿ ತೋರಿಸಿದ್ದ. ಅವನು ಮೂಲತಃ ಗಡಿಯಾರ ರಿಪೇರಿಯವನು. ಯಂತ್ರದ ಗಿಡ, ಒಳಗೆ ಗಾಳಿ ಒತ್ತಡದಿಂದ ಹೊರಬರುವ ಹೂವು, ಎಲೆಯ ಮರೆಯಲ್ಲಿ ಮೊದಲೇ ಚುಚ್ಚಿಟ್ಟ ನಿಜವಾದ ಕಿತ್ತಳೆ. ಕೊನೆಯ ಹಣ್ಣು ಮಾತ್ರ ಯಂತ್ರದ್ದು, ಅದು ಬಿರಿದು ಚಿಟ್ಟೆ ಬರುವುದು. ಮುಂದೆ ಜಗತ್ತೆಲ್ಲ ಹೆಸರು ಮಾಡಿದ ಹೂಡಿನಿ ತನ್ನ ಹೆಸರನ್ನು ಕಟ್ಟಿಕೊಂಡದ್ದು ಈ ಹೂಡಿನ್ ಹೆಸರಿನಿಂದ. ನಮ್ಮಲ್ಲಿ ಬೀದಿಯ ಗಾರುಡಿಗರು ಇದೇ ಆಟವನ್ನು ಮಾವಿನ ಗೊರಟಿನಲ್ಲಿ ಮಾಡುತ್ತಿದ್ದರು. ಬುಟ್ಟಿ, ಒಂದು ಬಟ್ಟೆ, ಸ್ವಲ್ಪ ಮಾತು, ಅಷ್ಟೇ ಅವರ ಬಂಡವಾಳ.

ಚಿತ್ರದ ಗಿಡಕ್ಕೆ ಕಂಪ್ಯೂಟರ್ ಗ್ರಾಫಿಕ್ಸಿನ ಸಹಾಯ ಇದೆ. ಅದು ಮೋಸ ಎಂದು ಕೆಲವರ ತಕರಾರು. ಆದರೆ ಸಿನಿಮಾ ಹುಟ್ಟಿದ್ದೇ ಜಾದೂಗಾರರ ಮನೆಯಲ್ಲಿ ಎಂಬುದನ್ನು ಮರೆಯಬಾರದು. ಅದೇ ಹೂಡಿನ್‌ನ ರಂಗಮಂದಿರವನ್ನು 1888ರಲ್ಲಿ ಕೊಂಡವನು ಜಾರ್ಜ್ ಮೆಲಿಯೆಸ್. ಲೂಮಿಯೇರ್ ಸಹೋದರರ ಪ್ರದರ್ಶನ ನೋಡಿ ಅವನು ಚಲನಚಿತ್ರಕ್ಕೆ ಇಳಿದ, ಚಂದ್ರಲೋಕಕ್ಕೆ ಹೋಗುವ ಚಿತ್ರ ತೆಗೆದ. ನಮ್ಮ ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆಯುವ ಮುಂಚೆ ಜಾದೂ ಕಲಿತು ಪ್ರದರ್ಶನ ಕೊಡುತ್ತಿದ್ದರು. ಆಗ ಅವರ ಹೆಸರು ‘ಪ್ರೊಫೆಸರ್ ಕೆಲ್ಫಾ’, ಫಾಲ್ಕೆಯ ಅಕ್ಷರಗಳನ್ನೇ ತಿರುಗಿಸಿದ್ದು!

ಇನ್ನು ಖಡ್ಗದ ದೃಶ್ಯ. ಅರಮನೆಯಲ್ಲಿ ಐಸೆನ್‌ಹೈಮ್ ಯುವರಾಜನ ಖಡ್ಗವನ್ನೇ ಇಸಿದುಕೊಂಡು ನೆಲದ ಮೇಲೆ ತುದಿಯಲ್ಲಿ ನಿಲ್ಲಿಸುತ್ತಾನೆ. ಎಳೆದರೂ ಅದು ಏಳುವುದಿಲ್ಲ. ಯುವರಾಜನೇ ಬಂದು ಎಲ್ಲರೆದುರು ಒದ್ದಾಡುತ್ತಾನೆ. ಇದನ್ನು ನೋಡುವಾಗಲೂ ನನಗೆ ಹೂಡಿನ್ ನೆನಪಾಗುತ್ತಾನೆ. 1856ರಲ್ಲಿ ಫ್ರೆಂಚ್ ಸರಕಾರ ಅವನನ್ನು ಅಲ್ಜೀರಿಯಾಕ್ಕೆ ಕಳಿಸಿತ್ತು, ಸೈನಿಕನಾಗಿ ಅಲ್ಲ, ಜಾದೂಗಾರನಾಗಿ. ಅಲ್ಲಿನ ಧಾರ್ಮಿಕ ಮುಖಂಡರು ಪವಾಡ ತೋರಿಸಿ ಜನರನ್ನು ಫ್ರೆಂಚರ ವಿರುದ್ಧ ಎಬ್ಬಿಸುತ್ತಾರೆ, ಅವರಿಗಿಂತ ದೊಡ್ಡ ಪವಾಡ ನಮ್ಮ ಹತ್ತಿರ ಉಂಟು ಎಂದು ತೋರಿಸಿ ಬಾ ಎಂಬುದು ಆದೇಶ. ಅವನು ಒಂದು ಸಣ್ಣ ಪೆಟ್ಟಿಗೆ ಇಟ್ಟು ಗಟ್ಟಿಮುಟ್ಟಾದ ಆಳನ್ನು ಕರೆದ. ಮೊದಲ ಸಲ ಸಲೀಸಾಗಿ ಎತ್ತಿದ ಆ ಆಳಿಗೆ ಎರಡನೇ ಸಲ ಅಲುಗಿಸಲೂ ಆಗಲಿಲ್ಲ. ರಂಗದ ಅಡಿಯಲ್ಲಿ ವಿದ್ಯುತ್ಕಾಂತ ಇತ್ತು, ಪೆಟ್ಟಿಗೆಯ ತಳದಲ್ಲಿ ಕಬ್ಬಿಣ. ಪಿಯುಸಿ ಭೌತಶಾಸ್ತ್ರದ ಪಾಠ, ಮಾರಾಯ್ರೆ! ಆದರೆ ಆ ಕಾಲಕ್ಕೆ ಅದು ಸಾಮ್ರಾಜ್ಯದ ಆಯುಧ.

ಹಾಗಾಗಿ ಚಿತ್ರದಲ್ಲಿ ಒಬ್ಬ ಜಾದೂಗಾರನನ್ನು ಕಂಡು ಅರಮನೆ ಹೆದರುವುದು ಉತ್ಪ್ರೇಕ್ಷೆ ಅಂತ ನನಗೆ ಅನಿಸುವುದಿಲ್ಲ. ಜನ ಯಾರನ್ನು ನಂಬುತ್ತಾರೆ ಎನ್ನುವುದೇ ರಾಜ್ಯದ ಪ್ರಶ್ನೆ. ಊಲ್ ಅವನನ್ನು ಠಾಣೆಗೆ ಕರೆತಂದಾಗ ಹೊರಗೆ ಗುಂಪು ಸೇರುತ್ತದೆ. ಐಸೆನ್‌ಹೈಮ್ ಹೊರಬಂದು ಜನರಿಗೆ ನೇರವಾಗಿ ಹೇಳುತ್ತಾನೆ: ನೀವು ನೋಡಿದ್ದೆಲ್ಲ ಕಣ್ಕಟ್ಟು, ನಿಜವಲ್ಲ. ಜನ ಕೇಳಿಸಿಕೊಳ್ಳುತ್ತಾರೆ. ನಂಬುವುದನ್ನು ಮಾತ್ರ ಬಿಡುವುದಿಲ್ಲ.

ಈ ‘ಕಣ್ಕಟ್ಟು’ ಎಂಬ ಕನ್ನಡ ಶಬ್ದವನ್ನು ಒಮ್ಮೆ ಬಿಡಿಸಿ ನೋಡಿ. ಕಟ್ಟಿದ್ದು ಕಣ್ಣನ್ನು. ವಸ್ತುವಿಗೆ ಏನೂ ಆಗಿಲ್ಲ, ಆದದ್ದೆಲ್ಲ ನೋಡುವವನಿಗೆ. ಜಾದೂಗಾರ ಇದನ್ನು ಒಪ್ಪಿಕೊಂಡೇ ಟಿಕೆಟು ಮಾರುತ್ತಾನೆ. ಮಂಗಳೂರಿನ ಕುದ್ರೋಳಿ ಗಣೇಶ್ ಅವರ ಪ್ರದರ್ಶನಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಯಾರೂ ದೇವರ ಪವಾಡ ನೋಡಲು ಬಂದಿರುವುದಿಲ್ಲ. ಅದೇ ಕೈಚಳಕವನ್ನು ಒಬ್ಬ ‘ನನಗೆ ದೈವಶಕ್ತಿ ಉಂಟು’ ಎಂದು ಹೇಳಿ ಮಾಡಿದರೆ ಅದು ಬೇರೆಯೇ ಸಂಗತಿ. ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ನರೇಂದ್ರ ನಾಯಕ್ ಊರೂರು ತಿರುಗಿ ಪವಾಡಗಳ ಗುಟ್ಟು ಬಿಚ್ಚಿ ತೋರಿಸಿದ್ದು ಈ ವ್ಯತ್ಯಾಸಕ್ಕಾಗಿಯೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದೂ ಇದಕ್ಕಾಗಿಯೇ.

ನಮ್ಮ ಮಿಜಾರಿನ ಕಡೆಯವರಿಗೆ ಈ ವ್ಯತ್ಯಾಸ ಪುಸ್ತಕ ಓದಿ ಕಲಿಯಬೇಕಾದ್ದಲ್ಲ. ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಊರು ಇದು. ಆಟ ನೋಡದೆ ಬೆಳೆದವರು ಕಡಿಮೆ. ಕಟೀಲು ಮೇಳದ ‘ಶ್ರೀ ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೂರದಿಂದ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಹಾರಿಸುತ್ತಾ, ಕೂತ ಜನರ ನಡುವೆಯೇ ನುಗ್ಗಿ ಬರುತ್ತಾನೆ. ಮಕ್ಕಳು ಅಮ್ಮನ ಸೆರಗಿನೊಳಗೆ. ಆದರೆ ಆ ಮಕ್ಕಳೇ ಎರಡು ಗಂಟೆ ಮುಂಚೆ ಚೌಕಿಗೆ ಹೋಗಿ, ಅದೇ ಮನುಷ್ಯ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚುವುದನ್ನು ನೋಡಿ ಬಂದಿರುತ್ತಾರೆ. ಚೌಕಿಗೆ ಬಾಗಿಲು ಹಾಕುವ ಕ್ರಮ ನಮ್ಮಲ್ಲಿಲ್ಲ. ಹೆದರಿಕೆಯೂ ನಿಜ, ಬಣ್ಣವೂ ನಿಜ. ಎರಡೂ ಒಟ್ಟಿಗೆ ಗೊತ್ತಿದ್ದರೆ ರಸ ಕೆಡುವುದಿಲ್ಲ.

ಐಸೆನ್‌ಹೈಮ್‌ನ ಕತೆಯಲ್ಲಿ ಚೌಕಿಗೆ ಬಾಗಿಲು ಬೀಳುವುದು ಸೋಫಿ ‘ಸತ್ತ’ ಮೇಲೆ. ಇಲ್ಲಿಂದ ಮುಂದಿನದ್ದು ಟ್ವಿಸ್ಟ್. ಅವಳು ಸತ್ತಿರುವುದಿಲ್ಲ. ಯುವರಾಜನ ಪಾನೀಯಕ್ಕೆ ಅವಳೇ ಪುಡಿ ಹಾಕಿದ್ದಾಳೆ. ಅವನಿಗೆ ಆ ರಾತ್ರಿಯ ನೆನಪೇ ಸರಿ ಇಲ್ಲ. ಅವಳು ಔಷಧಿಯಿಂದ ಸತ್ತವಳಂತೆ ಮಲಗಿದ್ದಾಳೆ. ಖಡ್ಗದಿಂದ ಕಳಚಿದ ರತ್ನ, ಲಾಯದಲ್ಲಿ ಬಿದ್ದ ಅವಳ ಲಾಕೆಟ್ ಎಲ್ಲವೂ ಬೇಕೆಂದೇ ಇಟ್ಟದ್ದು. ಕಡೆಗೆ ಊಲ್ ಅವನ್ನು ಹಿಡಿದುಕೊಂಡು ಯುವರಾಜನೆದುರು ನಿಲ್ಲುತ್ತಾನೆ. ಸಂಚಿನ ವಿಷಯವನ್ನು ಚಕ್ರವರ್ತಿಯ ಕಡೆಯವರಿಗೆ ಮೊದಲೇ ತಿಳಿಸಿದ್ದಾನೆ. ಸೈನಿಕರು ಬರುವ ಹೊತ್ತಿಗೆ ಲಿಯೋಪೋಲ್ಡ್ ತಲೆಗೆ ಗುಂಡು ಹಾರಿಸಿಕೊಳ್ಳುತ್ತಾನೆ. ಆಮೇಲೆ ರೈಲು ನಿಲ್ದಾಣದಲ್ಲಿ ಊಲ್‌ಗೆ ಎಲ್ಲ ಒಂದಕ್ಕೊಂದು ಜೋಡಣೆಯಾಗಿ ಹೊಳೆಯುತ್ತದೆ. ಅವನು ಮನಸಾರೆ ನಗುತ್ತಾನೆ. ದೂರದ ಬೆಟ್ಟದ ಮನೆಯಲ್ಲಿ ಪ್ರೇಮಿಗಳು ಒಂದಾಗುತ್ತಾರೆ. ನಾವು ನೋಡುಗರೂ ಊಲ್ ಜೊತೆ ನಗುತ್ತೇವೆ.

ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ನಗದೇ ಇದ್ದದ್ದು ಅಮ್ಮ ಒಬ್ಬರೇ.

“ಅದು ಸರಿ ಮಗ, ಅವಳು ಬದುಕಿದ್ದಾಳೆ. ಹಾಗಾದ್ರೆ ಆ ರಾಜಕುಮಾರ ಎಂತ ಮಾಡಿದ್ದಕ್ಕೆ ಸತ್ತದ್ದು?”

“ಅವ ಕೆಟ್ಟವ ಅಲ್ವಾ ಅಮ್ಮ.”

“ಕೆಟ್ಟವ ಹೌದು. ಕೊಂದವ ಹೌದಾ?”

ನನ್ನ ಅಭಿಪ್ರಾಯದಲ್ಲಿ ಇಡೀ ಚಿತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೊಂದೇ. ಯುವರಾಜನ ಪರವಾಗಿ ಹೇಳಲು ಹೆಚ್ಚೇನಿಲ್ಲ. ತಂದೆಯ ವಿರುದ್ಧ ಸಂಚು ಮಾಡಿದ್ದು ನಿಜ, ಅದಕ್ಕೆ ಅವನು ಉತ್ತರ ಕೊಡಲೇಬೇಕಿತ್ತು. ಅಮಲಿನಲ್ಲಿ ಖಡ್ಗ ಹಿಡಿದು ಹೆಣ್ಣೊಬ್ಬಳ ಹಿಂದೆ ಹೋದದ್ದೂ ನಿಜ. ಸೋಫಿಗೆ ಅವನಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎಂಬುದೂ ನಿಜ. ಯುವರಾಜನ ವಿರುದ್ಧ ಅವಳ ಮಾತನ್ನು ಯಾವ ಕೋರ್ಟು ಕೇಳುತ್ತಿತ್ತು? ಇಷ್ಟೆಲ್ಲ ನಿಜಗಳ ನಡುವೆ ಕೊಲೆ ಮಾತ್ರ ಸುಳ್ಳು. ನಾವು ಆ ಕೊಲೆಯನ್ನು ಒಪ್ಪಿಕೊಂಡದ್ದು ಸಾಕ್ಷಿ ನೋಡಿ ಅಲ್ಲ, ಆಸಾಮಿಯನ್ನು ನೋಡಿ. ರತ್ನ, ಲಾಕೆಟ್ ಎಲ್ಲ ಆಮೇಲೆ ಬಂದವು. ‘ಇವನೇ ಇರಬೇಕು’ ಎಂದು ನಮ್ಮ ಮನಸ್ಸು ತೀರ್ಪು ಬರೆದು ಆಗಿತ್ತು. ಐಸೆನ್‌ಹೈಮ್ ನಮ್ಮ ಕಣ್ಣಿಗೆ ಕಟ್ಟಿದ ಬಟ್ಟೆ ಯಾವುದು ಅಂತ ಕೇಳಿದರೆ, ಅದು ಯುವರಾಜನ ಕೆಟ್ಟ ಹೆಸರು.

ಇಲ್ಲಿ ಚರಿತ್ರೆಯ ಒಂದು ನೆರಳೂ ಇದೆ. 1889ರ ಜನವರಿ 30ರಂದು ಆಸ್ಟ್ರಿಯಾದ ನಿಜವಾದ ಯುವರಾಜ ರುಡಾಲ್ಫ್, ಚಕ್ರವರ್ತಿ ಫ್ರಾನ್ಸ್ ಜೋಸೆಫನ ಒಬ್ಬನೇ ಮಗ, ಮಾಯರ್‌ಲಿಂಗ್ ಎಂಬಲ್ಲಿನ ಬೇಟೆಮನೆಯಲ್ಲಿ ಸತ್ತುಬಿದ್ದಿದ್ದ. ಜೊತೆಗೆ 17 ವರ್ಷದ ಹುಡುಗಿ ಮೇರಿ ವೆಟ್ಸೆರಾಳ ಶವ. ಅರಮನೆ ಮೊದಲು ಹೊರಗೆ ಹೇಳಿದ್ದು ಹೃದಯದ ತೊಂದರೆ ಅಂತ. ಹುಡುಗಿಯ ಶವಕ್ಕೆ ಬಟ್ಟೆ ತೊಡಿಸಿ, ಬದುಕಿದವಳ ಹಾಗೆ ಗಾಡಿಯಲ್ಲಿ ಕೂರಿಸಿ ಗುಟ್ಟಾಗಿ ಸಾಗಿಸಿದರು. ಅಂದರೆ ನಿಜವಾದ ವಿಯೆನ್ನಾದಲ್ಲಿ ಸತ್ತವಳನ್ನು ಬದುಕಿದವಳಂತೆ ತೋರಿಸಿದ್ದು ಅರಮನೆ. ಸಿನಿಮಾದ ವಿಯೆನ್ನಾದಲ್ಲಿ ಬದುಕಿದವಳನ್ನು ಸತ್ತವಳಂತೆ ತೋರಿಸಿದ್ದು ಜಾದೂಗಾರ. ಇನ್ನೊಂದು ವಿಚಿತ್ರ. ಚಿತ್ರದಲ್ಲಿ ಲಿಯೋಪೋಲ್ಡನ ಬೇಟೆಮನೆಯಾಗಿ ಕಾಣುವುದು ಚೆಕ್ ದೇಶದ ಕೊನೊಪಿಶ್ಟ್ ಕೋಟೆ. ರುಡಾಲ್ಫನ ನಂತರ ಸಿಂಹಾಸನಕ್ಕೆ ಉತ್ತರಾಧಿಕಾರಿಯಾಗಿ ಬಂದು, 1914ರಲ್ಲಿ ಸರಾಯೆವೊದಲ್ಲಿ ಗುಂಡಿಗೆ ಬಲಿಯಾದ ಫ್ರಾನ್ಸ್ ಫರ್ಡಿನೆಂಡ್‌ನ ಮನೆ ಅದು.

ನಡೆಯದ ಕೊಲೆಯನ್ನು ಲಕ್ಷಗಟ್ಟಲೆ ಜನ ಕಣ್ಣಾರೆ ಕಂಡ ಪ್ರಸಂಗ ನಮ್ಮವರೊಬ್ಬರ ಹೆಸರಿನಲ್ಲೂ ಇದೆ. 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಪಿ.ಸಿ. ಸರ್ಕಾರ್ ಹುಡುಗಿಯೊಬ್ಬಳನ್ನು ಮೇಜಿನ ಮೇಲೆ ಮಲಗಿಸಿ ಗರಗಸದಿಂದ ಕತ್ತರಿಸಿದರು. ಆಮೇಲೆ ಅವಳನ್ನು ಎಬ್ಬಿಸಲು ಕೈ ಉಜ್ಜಿದರು. ಅವಳು ಏಳಲಿಲ್ಲ. ಸರ್ಕಾರ್ ತಲೆ ಅಲ್ಲಾಡಿಸಿ ಅವಳ ಮುಖಕ್ಕೆ ಬಟ್ಟೆ ಮುಚ್ಚಿದರು. ಅಷ್ಟರಲ್ಲಿ ನಿರೂಪಕ ಕ್ಯಾಮೆರಾ ಎದುರು ಬಂದು ಕಾರ್ಯಕ್ರಮ ಮುಗಿಯಿತು ಎಂದರು. ಬಿಬಿಸಿಗೆ ಫೋನಿನ ಮೇಲೆ ಫೋನು. ಎಲ್ಲರದ್ದೂ ಒಂದೇ ಪ್ರಶ್ನೆ, ಹುಡುಗಿ ಸತ್ತಳಾ? ಹುಡುಗಿ ಆರಾಮಾಗಿದ್ದಳು. ಸಮಯ ಮುಗಿದಿತ್ತು, ಅಷ್ಟೇ. ಅದು ಸರ್ಕಾರ್ ಅವರೇ ಲೆಕ್ಕ ಹಾಕಿ ಮಾಡಿದ್ದು ಎಂದು ಆಮೇಲೆ ಹೇಳಿದವರು ಬಹಳ ಮಂದಿ. ಅವರ ಲಂಡನ್ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ಅದರಿಂದ ಯಾರ ಕೂದಲೂ ಕೊಂಕಲಿಲ್ಲ, ಯಾಕೆಂದರೆ ಅವತ್ತು ಯಾರೂ ‘ಕೊಂದವನನ್ನು ಹಿಡಿಯಿರಿ’ ಎಂದು ಬೀದಿಗೆ ಇಳಿಯಲಿಲ್ಲ.

ಜನ ಬೀದಿಗೆ ಇಳಿದರೆ ಎಂತ ಆಗುತ್ತದೆ ಎಂದು ತಿಳಿಯಲು ವಿಯೆನ್ನಾಕ್ಕೆ ಹೋಗಬೇಕಾಗಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನನ್ನು ಗುಂಪು ಹೊಡೆದು ಕೊಂದಿತು. ಅವನು ಗೆಳೆಯರ ಜೊತೆ ಕಾರಿನಲ್ಲಿ ಬಂದಿದ್ದ. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಆ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹರಿದಾಡುತ್ತಿತ್ತು. ಚಾಕೊಲೇಟೇ ಸಾಕ್ಷಿಯಾಯಿತು. ಯಾವ ಮಗುವೂ ಕಾಣೆಯಾಗಿರಲಿಲ್ಲ. ಆ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದು ಚಾಟ್‌ಗಿಂತ ಹೆಚ್ಚು ಕಡೆ ಒಮ್ಮೆಗೇ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ನಮ್ಮಂಥವರು ಬರೆಯುವ ಕೋಡ್‌ನಲ್ಲಿ ಅದು ನಾಲ್ಕು ಸಾಲಿನ ಬದಲಾವಣೆ ಇರಬಹುದು. ಆದರೆ ಫಾರ್ವರ್ಡ್ ಒತ್ತುವ ಬೆರಳಿಗೆ ಮುಂಚೆ ನಂಬಿಕೆ ಬಂದಾಗಿರುತ್ತದಲ್ಲ, ಅದಕ್ಕೆ ಮಿತಿ ಹಾಕುವ ಕೋಡ್ ಎಲ್ಲಿದೆ?

ನಂಬಿಕೆ ಯಾವಾಗಲೂ ಕೆಡುಕೇ ಮಾಡುತ್ತದೆ ಎಂದಲ್ಲ. ನಮ್ಮ ಊರಿನಲ್ಲೇ ನಡೆದ ಖುಷಿಯ ಉದಾಹರಣೆ ಒಂದು ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿದರು, 100 ಮೀಟರಿಗೆ 9.55 ಸೆಕೆಂಡು! ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಎರಡು ದಿನದಲ್ಲಿ ದೇಶಕ್ಕೆಲ್ಲ ಮಿಜಾರು ಗೊತ್ತಾಯಿತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಲೆಕ್ಕ ತಪ್ಪಿರಲಿಲ್ಲ. ಆದರೆ ಕಂಬಳದಲ್ಲಿ ಓಟಗಾರನ ಕೈಯಲ್ಲಿ ಕೋಣಗಳ ಹಗ್ಗ ಇರುತ್ತದೆ, ಅವುಗಳ ವೇಗವೂ ಸೇರುತ್ತದೆ ಎಂಬುದನ್ನು ಲೆಕ್ಕ ಮಾಡಿದವರು ಬಿಟ್ಟುಬಿಟ್ಟಿದ್ದರು. ಅದನ್ನು ನೆನಪಿಸಿದವರು ಸ್ವತಃ ಶ್ರೀನಿವಾಸ ಗೌಡರೇ. ಬೋಲ್ಟ್ ಓಡುವುದು ಟ್ರ್ಯಾಕಿನಲ್ಲಿ, ನಾನು ಓಡುವುದು ಕೆಸರಿನಲ್ಲಿ, ಎರಡೂ ಬೇರೆ ಎಂದು ಹೇಳಿ ಟ್ರಯಲ್ಸ್ ಬೇಡ ಎಂದರು. ಹೊಗಳಿಕೆ ಬರುತ್ತಿದ್ದಾಗಲೇ ‘ಇದು ನೀವು ತಿಳಿದ ಹಾಗಲ್ಲ’ ಎಂದು ಹೇಳಲು ಒಂದು ಧೈರ್ಯ ಬೇಕು. ಐಸೆನ್‌ಹೈಮ್ ಆ ಧೈರ್ಯವನ್ನು ಜನರ ಎದುರು ತೋರಿಸಿದ. ಸೋಫಿಯ ವಿಷಯದಲ್ಲಿ ತೋರಿಸಲಿಲ್ಲ. ಪ್ರೀತಿಗಾಗಿ ಬಿಟ್ಟ ಎನ್ನಬಹುದು. ಬಿಟ್ಟದ್ದಂತೂ ಹೌದು.

ಚಿತ್ರದ ಕೊನೆಯ ಪ್ರದರ್ಶನ ನೆನಪು ಮಾಡಿಕೊಳ್ಳಿ. ಊಲ್ ಬಂಧಿಸಲು ರಂಗಕ್ಕೆ ಬರುತ್ತಾನೆ, ಕೈ ಹಾಕಿದರೆ ಕೈ ಒಳಗೆ ಹಾದು ಹೋಗುತ್ತದೆ. ಕುರ್ಚಿಯಲ್ಲಿ ಕೂತ ಐಸೆನ್‌ಹೈಮ್ ಬರೀ ನೆರಳು. ಅವನು ಕರಗಿ ಹೋಗುತ್ತಾನೆ. ಈ ದೃಶ್ಯಕ್ಕೆ ನಮ್ಮಲ್ಲಿ ಬಹಳ ಹಳೆಯ ಒಂದು ಸಾಟಿ ಇದೆ. ಗೌಡಪಾದರ ಮಾಂಡೂಕ್ಯ ಕಾರಿಕೆಗೆ ಬರೆದ ಭಾಷ್ಯದಲ್ಲಿ ಶಂಕರಾಚಾರ್ಯರು ಒಬ್ಬ ಮಾಯಾವಿಯ ಉದಾಹರಣೆ ಕೊಡುತ್ತಾರೆ. ಅವನು ಆಕಾಶಕ್ಕೆ ನೂಲು ಎಸೆದು, ಆಯುಧ ಹಿಡಿದು ಹತ್ತಿ ಕಣ್ಮರೆಯಾಗುತ್ತಾನೆ. ಕಾದಾಡಿ ತುಂಡು ತುಂಡಾಗಿ ಬೀಳುತ್ತಾನೆ, ಮತ್ತೆ ಎದ್ದು ಬರುತ್ತಾನೆ. ಜನರೆಲ್ಲ ನೋಡುವುದು ನೂಲು ಹತ್ತುವವನನ್ನು. ನಿಜವಾದ ಮಾಯಾವಿ ಅವನಲ್ಲ, ನೆಲದ ಮೇಲೆ ಯಾರಿಗೂ ಕಾಣದೆ ನಿಂತವನು. ಆಚಾರ್ಯರು ಹೇಳಲು ಹೊರಟಿದ್ದು ಪರಮಾರ್ಥ. ನಾವು ಅದನ್ನು ಲೌಕಿಕಕ್ಕೆ ಇಳಿಸಿಕೊಂಡರೂ ಕೆಲಸಕ್ಕೆ ಬರುತ್ತದೆ. ಎಲ್ಲರೂ ಮೇಲೆ ನೋಡುವಾಗ ಕೆಳಗೆ ಯಾರು ನಿಂತಿದ್ದಾರೆ?

ಹಾಗೆ ಹುಡುಕಿದರೆ ಈ ಚಿತ್ರದಲ್ಲಿ ಸಿಗುವವನು ಊಲ್. ಅರ್ಧ ಚಿತ್ರ ಅವನು ಯುವರಾಜನಿಗೆ ಹೇಳುವ ಕತೆ. ಐಸೆನ್‌ಹೈಮ್‌ನ ಬಾಲ್ಯದ ಪ್ರೇಮವನ್ನು ಊಲ್ ಕಂಡವನಲ್ಲ, ವಿಚಾರಿಸಿ ಕಟ್ಟಿದವನು. ಕೊನೆಯಲ್ಲಿ ರೈಲು ನಿಲ್ದಾಣದಲ್ಲಿ ಬರುವ ಸರಸರ ದೃಶ್ಯಗಳೂ ಹಾಗೆಯೇ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಇಷ್ಟೇ: ವೇಷ ಮರೆಸಿದ ಒಬ್ಬ ಮನುಷ್ಯ, ಕಿತ್ತಳೆ ಗಿಡದ ಗುಟ್ಟು ಬರೆದ ಒಂದು ಪುಸ್ತಕ, ಜೇಬಿನಿಂದ ಕಾಣೆಯಾದ ಲಾಕೆಟ್. ಉಳಿದದ್ದೆಲ್ಲ ಅವನ ಊಹೆ. ನಮ್ಮ ಕೆಲಸದಲ್ಲಿ ಸಿಸ್ಟಮ್ ಕೆಟ್ಟಾಗ ಎರಡು ಪಟ್ಟಿ ಮಾಡುವ ಅಭ್ಯಾಸ ಇದೆ, ಲಾಗ್‌ನಲ್ಲಿ ನಿಜವಾಗಿ ಕಂಡದ್ದು ಒಂದು, ಹೀಗಾಗಿರಬಹುದು ಎಂದು ನಾವು ಅಂದುಕೊಂಡದ್ದು ಇನ್ನೊಂದು. ಊಲ್ ಎರಡನ್ನೂ ಕಲಸಿಬಿಟ್ಟ. ಬೆಳಿಗ್ಗೆ ‘ಯುವರಾಜ ಕೊಂದ’ ಎಂಬ ಕತೆ ಅವನಿಗೆ ಸರಿಯಾಗಿ ಕೂತಿತ್ತು, ಸ್ವಲ್ಪ ಹೊತ್ತಿನಲ್ಲಿ ‘ಯಾರೂ ಸಾಯಲಿಲ್ಲ’ ಎಂಬುದು ಅದಕ್ಕಿಂತ ಚೆನ್ನಾಗಿ ಕೂತಿತು. ಹಾಗಾಗಿ ಬೆಟ್ಟದ ಮನೆಯ ಕೊನೆ ನಿಜವೋ, ಅವನ ಆಸೆಯೋ ಎಂದು ಜಗಳ ಮಾಡುವವರಿದ್ದಾರೆ. ಪ್ರೇಮಿಗಳು ಒಂದಾದರು ಎಂದು ನಂಬುವುದೇ ನನಗೂ ಇಷ್ಟ. ಇಷ್ಟ ಎಂಬುದು ಸಾಕ್ಷಿ ಅಲ್ಲ ಎಂದೂ ಗೊತ್ತು.

ಇನ್ನೊಮ್ಮೆ ನೋಡುವವರಿಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ಊಲ್ ನಗುವಾಗ ಅವನ ಜೊತೆ ನಗಿ, ಅಡ್ಡಿಯಿಲ್ಲ, ಅಷ್ಟು ಚಂದದ ನಗು ಅದು. ಆದರೆ ಮನಸ್ಸಿನಲ್ಲಿ ಒಮ್ಮೆ ಅರಮನೆಗೆ ಹಿಂದೆ ಹೋಗಿ. ಅಲ್ಲಿ ನೆಲದ ಮೇಲೆ ಒಬ್ಬ ಬಿದ್ದಿದ್ದಾನೆ. ಊರಿನ ಪ್ರಕಾರ ಅವನು ಸೋಫಿಯನ್ನು ಕೊಂದವನು. ಅವನು ಕೊಂದಿಲ್ಲ ಎಂದು ಈ ಹೊತ್ತಿಗೆ ಗೊತ್ತಿರುವ ಒಬ್ಬನೇ ಒಬ್ಬ ಪೊಲೀಸ್ ಅಧಿಕಾರಿ ರೈಲು ನಿಲ್ದಾಣದಲ್ಲಿ ನಗುತ್ತಾ ನಿಂತಿದ್ದಾನೆ. ಅವನು ಹಿಂದಿರುಗಿ ಹೋಗಿ ಆ ಫೈಲನ್ನು ತಿದ್ದುತ್ತಾನೆಯೇ? ಚಿತ್ರ ಅದನ್ನು ತೋರಿಸುವುದಿಲ್ಲ. ತಿದ್ದಬೇಕು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಅನಿಸಿತು?